ಹನ್ನೊಂದು ದಿನದ ಉಸಿರು

ನಾನು ಒಂದು ಬ್ಯಾಟರಿ. ಹುಟ್ಟಿದ್ದು ಕಾರ್ಖಾನೆಯಲ್ಲಿ. ಹೊಟ್ಟೆಗೆ ಮೊದಲು ಬಿದ್ದದ್ದು ಸೀಸ, ಆಮೇಲೆ ಆಸಿಡ್. ಹಾಲು ಕುಡಿದು ಬೆಳೆದವರ ಮೃದುತನವನ್ನು ನನ್ನಲ್ಲಿ ಹುಡುಕಬೇಡಿ. ಆದರೂ ಕೇಳಿದವರಿಗೆ ಇಲ್ಲವೆನ್ನದೆ ಕೊಡುವುದು ನನ್ನ ಗುಣ. ಅದೇ ನನಗೆ ಮುಳುವಾಯಿತು.

ಹರಿಗೋಲಿನಲ್ಲಿ ಕೂರಿಸಿ ನನ್ನನ್ನು ಕೃಷ್ಣೆಯ ನಡುಗಡ್ಡೆಯೊಂದಕ್ಕೆ ತಂದರು. ಅಲ್ಲಿಗೆ ಕರೆಂಟಿನ ಕಂಬ ಬಂದಿರಲಿಲ್ಲ. ಮನೆ ಮಾರೆಪ್ಪನದು. ಕ್ವಾರಿಯಲ್ಲಿ ಕಲ್ಲು ಒಡೆದು ಒಡೆದು ಅವನ ಎದೆಯಲ್ಲಿ ದೂಳು ತುಂಬಿತ್ತು. ಉಸಿರಾಟಕ್ಕೆಂದು ಆಸ್ಪತ್ರೆಯವರು ಆಕ್ಸಿಜನ್ ಯಂತ್ರ ಕೊಟ್ಟಿದ್ದರು. ಮಗಳು ಶಂಕ್ರಮ್ಮನಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಅವಳ ಇನ್ಸುಲಿನ್ ಪುಟ್ಟ ಫ್ರಿಜ್ಜಿನಲ್ಲಿ ತಣ್ಣಗಿರಬೇಕು.

ಸೋಲಾರ್ ಜೋಡಿಸಲು ಬಂದ ನಸ್ರೀನ್ ಮೇಡಂ ಜಾಣೆ. ಮಾಳಿಗೆಯ ಮೇಲೆ ಆರು ಪ್ಲೇಟು ಹಾಕಿ, ಮುಂದೆ ಬೇಕಾದರೆ ಇರಲಿ ಎಂದು ಇನ್ನೆರಡಕ್ಕೆ ಜಾಗ ಬಿಟ್ಟರು. ನನ್ನ ಶಕ್ತಿ ಕುಂದಿದಾಗ ಮೊದಲು ಫ್ಯಾನು ನಿಲ್ಲಬೇಕು, ಆಮೇಲೆ ದೀಪ, ಆಮೇಲೆ ಫ್ರಿಜ್ಜು, ಎಲ್ಲಕ್ಕೂ ಕಡೆಗೆ ಯಂತ್ರ. ಹಾಗೆಂದು, ಕರೆಂಟು ಹಂಚುವ ಗೋಡೆಯ ಮೇಲಿನ ಪೆಟ್ಟಿಗೆಗೆ ಕಲಿಸಿಟ್ಟರು.

"ಫ್ರಿಜ್ಜು ಒಂದು ತಾಸು ನಿಂತ್ರ ನಡೀತದಮ್ಮ, ಉಸಿರು ನಿಂತ್ರ ನಡಿಯಲ್ಲ," ಎಂದು ಮನೆಯವರಿಗೆ ತಿಳಿಸಿ ಹೇಳಿದರು.

ಆ ಯಂತ್ರದ ಎಳೆತವನ್ನು ನಾನು ಬಲ್ಲೆ. ಎಳೆಯುವುದು, ಬಿಡುವುದು. ಎಳೆಯುವುದು, ಬಿಡುವುದು. ಫ್ಯಾನಿಗಾಗಲಿ ದೀಪಕ್ಕಾಗಲಿ ಆ ನಡೆ ಇಲ್ಲ.

ಮೂರನೆಯ ಬೇಸಿಗೆಯಲ್ಲಿ ಮಾರೆಪ್ಪ ತೀರಿಕೊಂಡ. ಜೀವ ಹೋದ ಜಾಗದಲ್ಲಿ ಹನ್ನೊಂದು ದಿನ ದೀಪ ಇಡುವುದು ಅವರ ಪದ್ಧತಿ. ಅಷ್ಟು ದಿನ ಜೀವ ಮನೆ ಬಿಟ್ಟು ಹೋಗುವುದಿಲ್ಲವಂತೆ. ಹೆಂಡತಿ ಹುಲಿಗೆಮ್ಮ ದೀಪ ಇಟ್ಟಳು, ಯಂತ್ರವನ್ನೂ ಆರಿಸಲಿಲ್ಲ.

"ಮನ್ಯಾಗಿರೋ ಜೀವ ಉಸಿರಿಲ್ದ ಹೆಂಗಿರ್ತದ?" ಎಂದಳು.

ಅವನು ಮಲಗುತ್ತಿದ್ದ ಹೊರಸು ಬರಿದಾಗಿತ್ತು, ಅದರ ಮೇಲೆ ಮೂಗಿನ ಕೊಳವೆ ಬುಸುಗುಡುತ್ತಿತ್ತು. ತಾಯಿ ಮಗಳು ಫ್ಯಾನು ದೀಪ ಬಿಟ್ಟು ಕತ್ತಲಲ್ಲಿ ಕೂತು, ಹೇಗೋ ಫ್ರಿಜ್ಜು ಉಳಿಸಿಕೊಂಡರು. ಹನ್ನೆರಡನೆಯ ದಿನ ಯಂತ್ರ ಆಸ್ಪತ್ರೆಗೆ ಮರಳಿತು.

ಅದೇ ಮಧ್ಯಾಹ್ನ, ಸುಡುಬಿಸಿಲಲ್ಲಿ, ಯಂತ್ರವಿದ್ದ ಖಾಲಿ ಪ್ಲಗ್ಗಿನಿಂದ ಎಳೆತ ಶುರುವಾಯಿತು. ಎಳೆಯುವುದು, ಬಿಡುವುದು. ನಾನು ಹೆದರಿದೆ, ಹೆದರುತ್ತಲೇ ಕೊಟ್ಟೆ. ಪೆಟ್ಟಿಗೆ ಕಲಿತದ್ದನ್ನು ತಪ್ಪದೆ ಮಾಡಿತು: ಫ್ಯಾನು ನಿಲ್ಲಿಸಿತು, ದೀಪ ನಿಲ್ಲಿಸಿತು, ಫ್ರಿಜ್ಜನ್ನೂ ನಿಲ್ಲಿಸಿತು. ದಿನಾ ಇದೇ ಆಯಿತು. ಇನ್ಸುಲಿನ್ ಕೆಟ್ಟು, ಶಂಕ್ರಮ್ಮ ಅಂಗಳದಲ್ಲಿ ಕುಸಿದು ಬಿದ್ದಳು.

ಸುದ್ದಿ ಕೇಳಿ ನಸ್ರೀನ್ ಮೇಡಂ ಹೊಸ ಔಷಧಿಯೊಂದಿಗೆ ಓಡಿ ಬಂದು ಆ ಪ್ಲಗ್ಗಿನ ತಂತಿಯನ್ನೇ ಕತ್ತರಿಸಿ ಹಾಕಿದರು. ಎಳೆತ ನಿಲ್ಲಲಿಲ್ಲ. ಮೀಟರಿನ ಅಂಕಿ ಉಸಿರಿನಂತೆ ಏರಿಳಿಯುವುದನ್ನು ಹುಲಿಗೆಮ್ಮನನ್ನು ಕರೆದು ತೋರಿಸಿದರು.

ಹುಲಿಗೆಮ್ಮ ಹೊರಸಿನ ಮುಂದೆ ಹೋಗಿ ಕೂತಳು.

"ಶಂಕ್ರಮ್ಮನ ಅಪ್ಪಾ, ನಾನಾ ಹಿಡಿದಿಟ್ಕಂಡೆ, ತಪ್ಪಾತು. ಮಗಳ ಪಾಲಿಂದು ತಗಾಬ್ಯಾಡ. ಸಾಕು, ಹೋಗು ಇನ್ನ."

ಎಳೆತ ನಿಧಾನವಾಯಿತು. ಒಮ್ಮೆ ಜಗ್ಗಿ ಎಳೆದು ನಿಂತೇ ಹೋಯಿತು. ಫ್ರಿಜ್ಜು ಗುಂಯ್ಗುಟ್ಟಿತು. ಗಂಡನನ್ನು ತನ್ನ ಬಾಯಿಂದಲೇ ಕಳಿಸಿದ ಹುಲಿಗೆಮ್ಮ ಸಾವಿನ ದಿನಕ್ಕಿಂತ ಹೆಚ್ಚು ಅತ್ತಳು.

ಅಷ್ಟರಲ್ಲಿ ನಾನು ಬರಿದಾಗಿದ್ದೆ. ಹೊಸ ಬ್ಯಾಟರಿ ಬಂತು. ನನ್ನನ್ನು ಹೊರಸಿನ ಕೆಳಗೆ ತಳ್ಳಿದರು. ವರ್ಷಗಳು ಉರುಳಿದವು. ಒಲೆಯ ಹೊಗೆ ಕುಡಿದ ಹುಲಿಗೆಮ್ಮನೂ ಅದೇ ಹೊರಸು ಹಿಡಿದಳು. ಅವಳಿಗೂ ಒಂದು ಯಂತ್ರ ಬಂತು.

"ನನ್ ಜೀವ ಹೋದ ಕೂಡ್ಲೆ ಸ್ವಿಚ್ ಬಂದ್ ಮಾಡಬೇಕು. ದೀಪ ಅಷ್ಟಾ ಸಾಕು. ನಿನ್ನ ಔಷಧಿ ನೆನಪಿರ್ಲಿ," ಎಂದು ಮಗಳಿಂದ ಮಾತು ತೆಗೆದುಕೊಂಡಳು.

"ಆತು ಯವ್ವ," ಎಂದಳು ಶಂಕ್ರಮ್ಮ.

ಕೊಡುವುದನ್ನು ನನಗೆ ಹುಟ್ಟುತ್ತಲೇ ಕಲಿಸಿದ್ದರು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಮಾತ್ರ ಯಾರೂ ಕಲಿಸಲಿಲ್ಲ. ಮನುಷ್ಯರಿಗೂ ಕಲಿಸಿದಂತೆ ಕಾಣುವುದಿಲ್ಲ.

ಇವತ್ತು ಬೆಳಿಗ್ಗೆ ಹುಲಿಗೆಮ್ಮ ಹೋದಳು. ಶಂಕ್ರಮ್ಮ ದೀಪ ಹಚ್ಚಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಿದ್ದಾಳೆ. ಹೊತ್ತು ನೆತ್ತಿಗೆ ಬಂತು. ಯಂತ್ರ ಇನ್ನೂ ಎಳೆಯುತ್ತಿದೆ, ಬಿಡುತ್ತಿದೆ.