ಹಂಗಾಮಿ ಅಧ್ಯಕ್ಷಿ

ಕಿತ್ತೂರಿನ ಹೆದ್ದಾರಿ ಪಕ್ಕದ ಮಹಿಳಾ ರೊಟ್ಟಿ ಕೇಂದ್ರದಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದು ಒಬ್ಬರ ಕೆಳಗಿನಿಂದ ಇನ್ನೊಬ್ಬರ ಕೆಳಗೆ ಹೋದ ಸಂಗತಿಯನ್ನು ಚರಿತ್ರೆ ಅಲಕ್ಷಿಸಬಾರದು. ಕಿತ್ತೂರಿಗೆ ಬಂಡಾಯ ಹೊಸದಲ್ಲ, ನಿಜ. ಆದರೆ ಆಗಿನದು ಪರದೇಶದವರ ಮೇಲೆ. ಇದು ಅಧ್ಯಕ್ಷೆ ಶಟ್ಟೆವ್ವ ಬನದ ಹುಣ್ಣಿಮೆಗೆಂದು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದಾಗ, ಅವಳ ಬೆನ್ನ ಹಿಂದೆ.

ಶಟ್ಟೆವ್ವ ಹಣೆ ತುಂಬ ಭಂಡಾರ ಬಳಿದುಕೊಂಡು, ಎಲ್ಲರಿಗೂ ಹಂಚಲು ಬೆಂಡು ಬತ್ತಾಸು ಕಟ್ಟಿಸಿಕೊಂಡು, ಬಸ್ಸಿಳಿದವಳೇ ನೇರ ಕೇಂದ್ರಕ್ಕೆ ಬಂದಳು. ಹಗಲು ಹೊತ್ತಿನಲ್ಲಿ ಒಳಗಿನಿಂದ ಚಿಲಕ! ಬಡಿದಳು.

"ಯಾರವ್ರು?"

"ನಾನಽ ಬೇ, ಅಧ್ಯಕ್ಷಿ."

ಒಳಗೆ ರೊಟ್ಟಿ ತಟ್ಟುವ ಸದ್ದು ಗಪ್ಪನೆ ನಿಂತಿತು. ಆಮೇಲೆ ಕಾರ್ಯದರ್ಶಿ ರೇಣುವಿನ ದನಿ: "ಮಾಜಿ ಅನ್ರಿ, ಅತ್ತಿ."

ಶಟ್ಟೆವ್ವನ ಕೈ ಬಾಗಿಲ ಮೇಲೇ ಉಳಿಯಿತು. ಮಾಜಿ ಎಂಬುದು ಸೈನಿಕರಿಗೂ ಶಾಸಕರಿಗೂ ತಗಲುವ ರೋಗವೆಂದು ಅವಳಿಗೆ ಗೊತ್ತಿತ್ತು. ಗುಡ್ಡಕ್ಕೆ ಹೋಗಿ ಬಂದವರಿಗೂ ತಗಲುತ್ತದೆಂದು ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವಳು ಯಾರದೋ ಮಗಳು, ಮದುವೆಯಾಗಿ ದೊಡವಾಡ ಎಂಬ ಹಳ್ಳಿಗೆ ಬಂದಮೇಲೆ ಮಹಾಂತಪ್ಪನ ಹೆಂಡತಿ. "ಅಧ್ಯಕ್ಷರಽ" ಎಂದು ಕರೆಯುತ್ತಿದ್ದುದು ಈ ಬಾಗಿಲ ಒಳಗೆ ಮಾತ್ರ.

ಚಿಲಕ ತೆಗೆದರು. ಬೈಲಹೊಂಗಲದಲ್ಲಿ ಬಿ.ಕಾಂ. ಮುಗಿಸಿ ಕಿತ್ತೂರಿಗೆ ಸೊಸೆಯಾಗಿ ಬಂದ, ಶಟ್ಟೆವ್ವನನ್ನು ಮರ್ಯಾದೆಗೆ ಅತ್ತಿ ಎನ್ನುವ ರೇಣು ಸೆರಗು ಬಿಗಿದು ನಿಂತಿದ್ದಳು.

"ಗ್ರೂಪಿನ್ಯಾಗ ಹಾಕಿದ್ವಿ, ಅತ್ತಿ. ನೀವು ನೋಡ್ಲಿಲ್ಲ."

"ನಂದು ಬಟನ್ ಫೋನ್ ಐತಿ. ಏನ್ ತಪ್ಪ ಮಾಡೇನಿ ನಾ?"

"ರೊಟ್ಟಿ ಖಡಕ್ ಆಗೇತೋ ಇಲ್ಲೋ ನೋಡ್ತೇನಿ ಅಂತ ಒಬ್ಬೊಬ್ಬರ ಬುಟ್ಟಿಯಿಂದ ಒಂದೊಂದು ಮುರದ ತಿಂದ್ರಿ. ಮ್ಯಾಲ ಶೇಂಗಾ ಹಿಂಡಿ ಬ್ಯಾರೆ ಹಚ್ಕೊಂಡು. ಹೊಗಿ ಇಲ್ಲದ ಕಿಟಕಿ ಕಡೆ ಒಲಿ ಬರೇ ನಿಮ್ಮ ಬೀಗರಿಗೆ!"

ಶಟ್ಟೆವ್ವನ ಕಣ್ಣು ಆಗ ಕುರ್ಚಿಯ ಮೇಲೆ ಬಿತ್ತು. ಅದರ ತುದಿಯಲ್ಲಿ, ಈಗ ಹಾರುವೆನೋ ಆಗ ಹಾರುವೆನೋ ಎಂಬಂತೆ, ಹಿಟ್ಟಿನ ಕೈಯ ಹುಸೇನಮಾ ಕೂತಿದ್ದಳು. ಅವಳನ್ನು ಕೇಂದ್ರಕ್ಕೆ ಸೇರಿಸಿಕೊಂಡವಳೇ ಶಟ್ಟೆವ್ವ.

"ಹುಸೇನಮಾ! ನೀನೂ?"

"ಯಾ ಅಲ್ಲಾ! ನಾ ಎಲ್ಲಿ ಕೇಳೇನಿ, ಅಕ್ಕಾ? ಇವರು ಹಂಗಾಮಾ ಹಂಗಾಮಾ ಅಂದ್ರು. ಹಂಗಾಮಾ ಅಂದ್ರ ನಮ್ಮ ಮಾತಿನ್ಯಾಗ ಗದ್ಲ; ಬಾಗಿಲ ಕಾಯಾಕ ಹಚ್ತಾರ ಅಂದ್ಕೊಂಡೆ. ನೋಡಿದ್ರ ಕುರ್ಚಿ ಹಾಕಿದ್ರು."

"ಹಂಗಾಮಾ ಅಲ್ಲ ಚಾಚಿ, ಹಂಗಾಮಿ," ಎಂದು ರೇಣು ತಿದ್ದಿದಳು. "ಹಂಗಾಮಿ ಅಧ್ಯಕ್ಷಿ. ಕಾಯಂ ಅಲ್ಲ."

ಶಟ್ಟೆವ್ವನ ಎದೆ ಒಮ್ಮೆಲೇ ಹಗುರಾಯಿತು. ಉರ್ದು ಅವಳಿಗೆ ಬಾರದು, ಬಿ.ಕಾಂ. ಮೊದಲೇ ಇಲ್ಲ. ಆದರೆ ಹಂಗಾಮ ಎಂದರೇನೆಂದು ಎರೆಹೊಲದವಳಿಗೆ ಯಾರು ಹೇಳಿಕೊಡಬೇಕು? ಮುಂಗಾರಿ ಹಂಗಾಮ, ಹಿಂಗಾರಿ ಹಂಗಾಮ. ಈಗ ಹೊಲದಲ್ಲಿ ನಿಂತಿರುವುದು ಹಿಂಗಾರಿ ಜೋಳ. ಅದು ರಾಶಿಯಾಗುವ ತನಕ ಹುಸೇನಮಾ ಕೂಡಲಿ ಪಾಪ.

"ಹಂಗಾಮ ಮುಗದ ಮ್ಯಾಲ?"

"ಆಮ್ಯಾಲ ಎಲ್ಲಾರೂ ಕೂಡಿ ಒಬ್ಬರನ್ನ ಕುಂದರ್ಸೂದು."

ಆ ಒಬ್ಬರು ಯಾರೆಂಬುದರಲ್ಲಿ ಶಟ್ಟೆವ್ವನಿಗೆ ಸಂಶಯವಿರಲಿಲ್ಲ. ಗಂಟು ಬಿಚ್ಚಿ ಬಂಡುಕೋರರಿಗೆಲ್ಲ ಬತ್ತಾಸು ಹಂಚಿದಳು. ಅಳು, ಬೈಗುಳ, ಜುಟ್ಟು ಹಿಡಿದಾಟ ಎಲ್ಲಕ್ಕೂ ತಯಾರಾಗಿದ್ದ ಹೆಂಗಸರು ಕೈಯಲ್ಲಿ ಬತ್ತಾಸು ಹಿಡಿದು ಕಕ್ಕಾಬಿಕ್ಕಿಯಾದರು.

ಅಂದಿನಿಂದ ಶಟ್ಟೆವ್ವ ದೊಡವಾಡದ ಹೊಲದಲ್ಲೇ ಠಿಕಾಣಿ ಹೂಡಿದಳು. ದಿನಾ ತೆನೆ ಹಿಚುಕಿ ನೋಡುವಳು. ಮದುವೆಯಾದಾಗಿನಿಂದ ಹೆಂಡತಿಗೆ ಬೆಳೆಯ ಮೇಲೆ ಇಷ್ಟು ಪ್ರೀತಿ ಕಂಡಿರದ ಮಹಾಂತಪ್ಪ, ಎಲ್ಲಮ್ಮನ ಮಹಿಮೆ ಎಂದುಕೊಂಡ.

ಒಂದು ದಿನ ಕೇಂದ್ರದ ರೊಟ್ಟಿ ಸಾಗಿಸುವ ಕಲ್ಮೇಶ ಬದುವಿನ ಹತ್ತಿರ ಗಾಡಿ ನಿಲ್ಲಿಸಿದ.

"ಅವ್ವಾರ, ಸೋಮವಾರ ನಾಮಪತ್ರ ಕೊಡಾಕ ಕಡೀ ದಿನ ಅಂತ. ರೇಣಕ್ಕ ಹೇಳಿ ಕಳಿಸ್ಯಾರ."

"ತೆನಿ ಇನ್ನೂ ಹಾಲಗಾಳ ಐತಿ, ಯಾವ ನಾಮಪತ್ರೋ ತಮ್ಮಾ? ರಾಶಿ ಆಗಲಿ, ನಾನಽ ಬರತೇನಿ ಅಂತ ಹೇಳು."

ಜೋಳಕ್ಕೂ ನಾಮಪತ್ರಕ್ಕೂ ಏನು ನಂಟೆಂದು ಕಲ್ಮೇಶನಿಗೆ ಹೊಳೆಯಲಿಲ್ಲ. ದೊಡ್ಡವರ ರಾಜಕೀಯ ಎಂದುಕೊಂಡು ಗಾಡಿ ಶುರು ಮಾಡಿದ.

ರಾಶಿಯಾಯಿತು. ಶಟ್ಟೆವ್ವ ಇಳಕಲ್ ಸೀರೆ ಉಟ್ಟು, ಕೇಂದ್ರಕ್ಕೆಂದು ಹೊಸ ಜೋಳದ ಚೀಲವೊಂದನ್ನು ಟಂಟಂನಲ್ಲಿ ಹಾಕಿಸಿಕೊಂಡು ಬಂದಳು. ಹುಸೇನಮಾ ಕುರ್ಚಿಯ ತುದಿ ಬಿಟ್ಟು ಬೆನ್ನು ಆನಿಸಿ ಕೂತಿದ್ದಳು.

"ಏಳ್ ಹುಸೇನಮಾ, ರಾಶಿ ಆತು."

"ಚಲೋ ಆತು ಅಕ್ಕಾ. ಇಳುವರಿ ಹೆಂಗ?"

"ಇಳುವರಿ ಅಲ್ಲ ಬೇ! ಹಂಗಾಮ ಮುಗೀತು. ಏಳು."

ಹುಸೇನಮಾ ರೇಣುವಿನ ಮುಖ ನೋಡಿದಳು. ರೇಣು ಶಟ್ಟೆವ್ವನ ಮುಖ ನೋಡಿದಳು.

"ಅತ್ತಿ, ಹಂಗಾಮಿ ಅಂದ್ರ ತಾತ್ಕಾಲಿಕ. ಚುನಾವಣಿ ಆಗೂತನಕ ಅಷ್ಟ. ಅದೂ ಮುಗೀತು. ನೀವು ಬರೂದಿಲ್ಲ ಅಂದ್ರಿ, ಬಿಟ್ಟಕೊಟ್ರಿ ಅಂತ ತಿಳಕೊಂಡ್ವಿ."

"ರಾಶಿ ಆದ ಮ್ಯಾಲ ಬರತೇನಿ ಅಂದೇನಿ!" ಎಂದಳು ಶಟ್ಟೆವ್ವ. ತಾನು ತಂದ ಜೋಳದ ಚೀಲದ ಮೇಲೆಯೇ ಕೂತಳು. "ಹಂಗಾದ್ರ... ಚುನಾವಣಿಗೆ ನೀ ನಿಂತಿದ್ದೇನ, ರೇಣು?"

"ನಿಂದರಬೇಕಂದಿದ್ದೆ," ಎಂದಳು ರೇಣು, ಒಲೆಯ ಕಡೆ ತಿರುಗಿ. "ನನಗ ಸೂಚಕರು ಸಿಗಲಿಲ್ಲ."

ಹುಸೇನಮಾ ಅವಿರೋಧವಾಗಿ ಆಯ್ಕೆಯಾಗಿದ್ದಳು. ಅವಧಿ ಐದು ವರ್ಷ.