ಮಾದರಿ ಮನೆಯ ಬೀರು

ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಸೇಬುಗಳನ್ನು ಒಂದೊಂದಾಗಿ ಒರೆಸಿ ಬುಟ್ಟಿಗೆ ಹಾಕಿದೆ. ಚಿಕ್ಕಮ್ಮ ನಮ್ಮ ಚಾಪೆ, ಪಾತ್ರೆ, ಸ್ಟೌವು, ಕೊನೆಗೆ ನೀರು ತುಂಬಿದ ಬಕೆಟ್ಟನ್ನೂ ಬೀರುವಿನೊಳಗೆ ಇಟ್ಟು, ಬಾಗಿಲನ್ನು ಸೊಂಟದಿಂದ ಒತ್ತಿದಳು.

ಕಡಲ ದಂಡೆಯ ಈ ಕಟ್ಟಡ ಹನ್ನೆರಡು ಮಹಡಿ ಆಗಬೇಕಿತ್ತು. ಆರಕ್ಕೆ ನಿಂತು ಎಂಟು ವರ್ಷವಾಯಿತು. ಪೂರ್ತಿಯಾದದ್ದು ನೆಲಮಹಡಿಯ ಮಾದರಿ ಮನೆ ಒಂದೇ, ಕೊಳ್ಳುವವರಿಗೆ ತೋರಿಸಲು ಮಾಡಿದ್ದು. ಅದರ ಟಿವಿ ರಟ್ಟಿನದು, ನಲ್ಲಿಗಳಿಗೆ ಪೈಪಿಲ್ಲ. ಚಿಕ್ಕಪ್ಪ ಇಲ್ಲಿಯ ಕಾವಲುಗಾರ. ಅವನ ಶೆಡ್ಡಿನ ಚಾವಣಿಯನ್ನು ಗಾಳಿ ಹೊತ್ತೊಯ್ದ ಮೇಲೆ ನಾವು ಮೂವರೂ ಈ ಮನೆ ಸೇರಿದೆವು. ಮಂಚದ ಹಾಸಿಗೆ ಸುಕ್ಕಾಗಬಾರದೆಂದು ನೆಲದಲ್ಲೇ ಮಲಗುತ್ತೇವೆ. ರಸ್ತೆಯಾಚೆಯ ನಲ್ಲಿಯಲ್ಲಿ ಬೆಳಿಗ್ಗೆ ಒಂದು ಗಂಟೆ ಬರುವ ನೀರನ್ನು ಹಿಡಿದಿಡುತ್ತೇವೆ.

ಕಟ್ಟಡವನ್ನು ಕೊಂಡ ಹೊಸ ಕಂಪನಿಯ ಅಧಿಕಾರಿ, ನೋಡಲು ಬರುವ ಮೊದಲು ಫೋನಿನಲ್ಲೇ ಹೇಳಿದ್ದರು: ಮನೆಯೊಳಗೆ ಯಾರಾದರೂ ವಾಸವಿದ್ದ ಸುಳಿವು ಸಿಕ್ಕರೆ ಅವತ್ತೇ ನೀವು ಹೊರಗೆ.

ಅವರು ಬಂದವರೇ ಮೇಜಿನ ಮೇಲೆ ಬೆರಳಾಡಿಸಿದರು.

"ಧೂಳೇ ಇಲ್ವಲ್ಲ! ಯಾರಿರ್ತಾರೆ ಇಲ್ಲಿ?"

"ನರಪಿಳ್ಳೆನೂ ಇಲ್ಲ ಸರ್. ನಮ್ಮಣ್ಣನ ಮಗಳು ದಿನಾ ಬಂದು ಒರೆಸ್ತಾಳೆ," ಎಂದ ಚಿಕ್ಕಪ್ಪ.

ನಾನು ನೆಲ ನೋಡಿದೆ. ಬಾಯಿಲ್ಲದವಳೆಂದು ಬೈಸಿಕೊಂಡದ್ದು ಅವತ್ತು ಉಪಯೋಗಕ್ಕೆ ಬಂತು.

"ಮತ್ತೆ ನೀವೆಲ್ಲಿರೋದು?"

"ಗೇಟಿನ ಹತ್ರ, ಶೆಡ್ಡಲ್ಲಿ."

"ಅದಕ್ಕೆ ಚಾವಣಿನೇ ಇಲ್ವಲ್ರೀ?"

"ಗಾಳಿ ಚೆನ್ನಾಗಿ ಬರುತ್ತೆ ಸರ್," ಎಂದಳು ಚಿಕ್ಕಮ್ಮ.

ಅಧಿಕಾರಿ ಬೀರುವಿನ ಹಿಡಿಗೆ ಕೈ ಹಾಕಿದರು. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಅವರ ಮುಖ ಹುಳ್ಳಗಾಯಿತು, ಹಿಡಿಯ ಮೇಲಿದ್ದ ಕೈ ಹೊಟ್ಟೆಗೆ ಬಂತು.

"ಬಾತ್‌ರೂಮ್ ಎಲ್ರೀ?"

ಒಂದು ಕಾಲದಲ್ಲಿ ನೂರಾರು ಜನರಿಗೆ ಮನೆ ತೋರಿಸಿದ ಬಾಯಿ ಚಿಕ್ಕಪ್ಪನದು. "ಬಲಗಡೆ ಸರ್. ವಿದೇಶಿ ಕಮೋಡು, ಇಪ್ಪತ್ನಾಲ್ಕು ಗಂಟೆ ನೀರು!" ಎಂದುಬಿಟ್ಟ.

ಒಳಗಿನಿಂದ ಚಿಲಕ ಬಿತ್ತು.

"ನಿಮ್ಮ ಬಾಯಿಗೊಂದು ಬೀಗ ಹಾಕಬೇಕಿತ್ತು," ಚಿಕ್ಕಮ್ಮ ಪಿಸುಗುಟ್ಟಿದಳು.

"ಬಾಯಿಪಾಠ ಕಣೇ, ತಾನಾಗೇ ಬಂತು."

ಸ್ವಲ್ಪ ಹೊತ್ತಿಗೆ ನಲ್ಲಿ ತಿರುಗಿಸುವ ಸದ್ದು ಕೇಳಿಸಿತು. ಇನ್ನೊಂದು ಸಲ. ಆಮೇಲೆ ಇನ್ನೊಂದು ನಲ್ಲಿಯದು. ನಾವು ಮೂವರೂ ಬೀರುವನ್ನೇ ನೋಡುತ್ತ ನಿಂತೆವು. ಬಕೆಟ್ ಹೊರಗೆ ಬಂದರೆ ನಾವೂ ಹೊರಗೆ.

"ರೀ, ಯಾರಾದ್ರೂ ಇದ್ದೀರಾ? ಒಂದು ಬಕೆಟ್ ನೀರು ಕೊಡಿ."