ಗಾಜಿನ ಮೇಲಿನ ಬೊಟ್ಟು

ಒರೆಸುತ್ತಲೇ ಇದ್ದಾಳೆ ಆ ಆಯಾ, ಐಸಿಯು ಬಾಗಿಲಿನ ಗಾಜನ್ನು, ಒದ್ದೆ ಬಟ್ಟೆಯಿಂದ ಒಮ್ಮೆ, ಹಳೆಯ ತೆಲುಗು ಪೇಪರಿನಿಂದ ಇನ್ನೊಮ್ಮೆ, ಎಷ್ಟು ಸುಲಭ ಒರೆಸುವುದು, ಗಾಡಿ ನಿಲ್ಲಿಸಿ ಇಳಿದಿದ್ದರೆ ಎರಡೇ ನಿಮಿಷ — ಗಿರಿಜಮ್ಮ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಉಂಗುರಬೆರಳಿನ ಉಗುರಿನಲ್ಲಿ ಅರಿಶಿನ ಇನ್ನೂ ಇದೆ, ಮೂರು ಸಲ ಸೋಪು ಹಾಕಿ ತೊಳೆದರೂ ಇದೆ. ಗಾಜಿನಾಚೆ ಅಳಿಯ ತೇಜ, ಬಾಯಿಗೆ ಕೊಳವೆ, ಎದೆ ತಾನಾಗಿ ಏಳುವುದಿಲ್ಲ, ಮೆಷಿನ್ ಎತ್ತಿದರೆ ಏಳುತ್ತದೆ. ಅವಳಿಗೆ ಮಾತ್ರ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿಲ್ಲ, ಪಾಪಿ ಚಿರಾಯು.

ಪರವಾಲೇದು ಅತ್ತಯ್ಯಾ, ಹೆದರ್ಕೋಬೇಡಿ, ಇದು ತಾನೇ ನೋಡುತ್ತೆ, ತಾನೇ ಬ್ರೇಕ್ ಹಾಕುತ್ತೆ, ಎಂದು ವೈಜಾಗಿನ ಎಂವಿಪಿ ಕಾಲೋನಿಯ ಬೀದಿಯಲ್ಲೇ ಸ್ಟೀರಿಂಗಿನಿಂದ ಎರಡೂ ಕೈ ಎತ್ತಿ ತೋರಿಸಿದ್ದ, ಮಗುವಿನಂತೆ ನಗುತ್ತ. ಹೊರದೇಶದ ಕಾರು, ಕೊಂಡು ಮೂರು ತಿಂಗಳು, ಪೂಜೆಯಿಲ್ಲ ಪುನಸ್ಕಾರವಿಲ್ಲ, ಅವಳೇ ಬೆನ್ನುಬಿದ್ದು ಇವತ್ತು ಬೆಳಿಗ್ಗೆ — ಅಲ್ಲ, ನಿನ್ನೆ — ಸಿಂಹಾಚಲಕ್ಕೆ ಹೊರಡಿಸಿದಳು, ಪೂಜಾರಿ ಬಾನೆಟ್ಟಿಗೆ ಕುಂಕುಮ ಹಚ್ಚಿ ಚಕ್ರದಡಿ ನಿಂಬೆಹಣ್ಣು ಇಟ್ಟ, ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಕೆಲಸ ಮಾಡುವ ಭಾಗಕ್ಕಲ್ಲವೇ ಪೂಜೆ, ಹೊಲಿಗೆ ಮಿಷನ್ನಿಗಾದರೆ ಸೂಜಿಯ ಹತ್ತಿರ, ಅಂಗಡಿಯಲ್ಲಾದರೆ ತಕ್ಕಡಿಗೆ. ಎಲ್ಲಿಂದಪ್ಪಾ ನೋಡುತ್ತೆ ಇದು, ಎಂದು ಕೇಳಿದ್ದಳು, ತೇಜ ಕನ್ನಡಿಯ ಹಿಂದಿನ ಕ್ಯಾಮೆರಾ ತೋರಿಸಿದ್ದ, ಸರಿಯಾಗಿ ಅದರ ಮುಂದೆ, ಮುಂದಿನ ಗಾಜಿನ ಹೊರಮೈಗೆ, ಅರಿಶಿನ ಗಂಧ ಕಲಸಿ ದಪ್ಪನೆಯ ಬೊಟ್ಟು ಇಟ್ಟಳು. ತೇಜ ನೋಡಿ ನಕ್ಕು ಗಾಡಿಯನ್ನು ವಿಜಯವಾಡದ ದಾರಿಗೆ ತಿರುಗಿಸಿದ. ವರ್ಷವಿಡೀ ಗಂಧ ಮೆತ್ತಿಕೊಂಡು ಕೂತ ಸಿಂಹಾಚಲದ ಸ್ವಾಮಿಗೆ ಲೋಕವೆಲ್ಲ ಕಾಣುತ್ತದೆ, ಇದಕ್ಕೆ ಒಂದು ಬೊಟ್ಟು ಭಾರವಾಯಿತೇ? ಅನ್ನವರಂ ದಾಟುವಾಗ ಹಳದಿ ದೀಪ ಮಿನುಗಿತು, ಕ್ಯಾಮೆರಾ ಮುಚ್ಚಿದೆ ಅಂತಿದೆ ಅತ್ತಯ್ಯಾ, ಒರೆಸಿಬಿಡ್ತೀನಿ — ಬೇಡಪ್ಪಾ, ವಿಜಯವಾಡದಲ್ಲಿ ದುರ್ಗಮ್ಮನ ದರ್ಶನ ಆಗೋವರ್ಗೂ ಮುಟ್ಟಬೇಡಿ, ಅಪಶಕುನ. ಅತ್ತೆಯ ಮಾತು ಮೀರದ ಅಳಿಯ, ಯಾಕೆ ಮೀರಲಿಲ್ಲವೋ, ಬೈದಾದರೂ ಒರೆಸಬಾರದಿತ್ತೇ. ಸ್ಟೀರಿಂಗ್ ಹಿಡಿದೇ ಓಡಿಸಿದ, ಪಾಪ, ಏಲೂರು ಕಳೆದ ಮೇಲೆ ರಸ್ತೆಯಲ್ಲೇ ಕೆಟ್ಟು ನಿಂತ ಲಾರಿ, ಕೈ ಸ್ಟೀರಿಂಗ್ ಹಿಡಿದಿತ್ತು, ಕಾಲು ಮಾತ್ರ ಬ್ರೇಕ್ ಒತ್ತದೆ ಕಾರು ತಾನೇ ನಿಲ್ಲುತ್ತದೆಂದು ಕಾಯಿತು, ಮೂರು ತಿಂಗಳಲ್ಲಿ ಕಾಲಿಗೆ ಅಂಥ ಸೋಮಾರಿತನ ಕಲಿಸಿತ್ತು ಆ ಹಾಳು ಕಾರು — ಹಾಳು ಕಾರೋ, ಹಾಳು ಕೈಯೋ.

ಮಗಳು ಅಖಿಲಾ ಅತ್ತ ಫೋನಿನಲ್ಲಿ ಕಿರುಚುತ್ತಿದ್ದಾಳೆ, ಆ ಕಂಪನಿಯನ್ನು ಸುಮ್ಮನೆ ಬಿಡಲ್ಲ ಎನ್ನುತ್ತಾಳೆ. ವಿಜಯವಾಡದಲ್ಲೇ ಅವಳ ಕೆಲಸ, ರಜೆಗೆ ಅವಳನ್ನು ಕರೆತರಲೆಂದೇ ಇಬ್ಬರೂ ಹೊರಟಿದ್ದು. ತೇಜ ಕಣ್ಣು ಬಿಡಲಿ ದೇವರೇ, ಬಿಡಲಿ, ಬಿಟ್ಟರೆ ಮೊದಲು ಹೇಳುವುದು ಆ ಬೊಟ್ಟಿನ ಮಾತನ್ನೇ ಅಲ್ಲವೇ, ಛೀ, ಎಂಥ ಯೋಚನೆ, ನಾಲಿಗೆಗೆ ಹುಳ ಬೀಳಲಿ. ಅಮ್ಮಾ, ಕಂಪನಿಯವ್ರು ಫೋಟೋ ಕಳ್ಸಿದಾರೆ, ಕ್ಯಾಮೆರಾ ಮುಂದೆ ಏನೋ ಹಳದಿ ಮೆತ್ತಿದೆ ನೋಡು, ಯಾರಮ್ಮಾ ಹಚ್ಚಿದ್ದು? ಪೂಜಾರಿ, ಎಂದಿತು ಬಾಯಿ. ಪೂಜಾರಿ ಕಣೇ. ಅಖಿಲಾ ನಂಬಿದಳು, ನಂಬಿ ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತಳು, ನೀನಾದ್ರೂ ಉಳಿದ್ಯಲ್ಲ ಅಮ್ಮಾ. ಆಯಾ ಬಕೆಟ್ ಎತ್ತಿಕೊಂಡು ಹೋದಳು, ಗಾಜು ಈಗ ಸ್ವಚ್ಛ, ತೇಜನ ಮುಖ ಕಾಣಬೇಕು, ಕಾಣುತ್ತಿಲ್ಲ, ಮುಖ ಇರುವಲ್ಲೇ ಸರಿಯಾಗಿ ಒಂದು ಬೊಟ್ಟು, ದಪ್ಪನೆಯದು, ಒಣಗಿ ಅಂಚು ಬಿರಿದದ್ದು, ಕಣ್ಣು ಮುಚ್ಚಿ ಬಿಟ್ಟರೂ ಬೊಟ್ಟು, ಹಳದಿ ಬೊಟ್ಟು —